ಹಗಲು ಮಗುವನ್ನು ಎತ್ತಿಕೊಳ್ಳುವ ಕೈಗಳಿಗೆ



ಹೆರಿಗೆ ರಜೆ ಮುಗಿಯುತ್ತ ಬಂದಾಗ ತಾಯಿಯಾದವಳ ತಲೆಯಲ್ಲಿ ಹಗಲೂ ರಾತ್ರಿ ಒಂದೇ ಯೋಚನೆ. ಹಾಲಿಗೇನು ಮಾಡುವುದು, ಮಗುವನ್ನು ಯಾರು ಮಲಗಿಸುತ್ತಾರೆ, ಅತ್ತರೆ ಯಾರು ಎತ್ತಿಕೊಳ್ಳುತ್ತಾರೆ ಎಂದು. ಕೆಲವು ಮನೆಗಳಲ್ಲಿ ಇದರ ಮೇಲೆ ಇನ್ನೊಂದು ಚಿಂತೆ ಬಂದು ಕೂರುತ್ತದೆ. ಮಗುವಿನ ತಲೆಯ ಹಿಂಭಾಗ ಒಂದು ಕಡೆ ಚಪ್ಪಟೆಯಾಗಿದೆ. ಡಾಕ್ಟರು ವ್ಯಾಯಾಮ ಹೇಳಿದ್ದಾರೆ, ಆಗಾಗ ಬಂದು ತೋರಿಸಿ ಎಂದಿದ್ದಾರೆ. ಅದೇ ಸಮಯಕ್ಕೆ ಇತ್ತ ಕೆಲಸಕ್ಕೆ ಹಾಜರಾಗುವ ದಿನವೂ ಬಂದುಬಿಟ್ಟಿದೆ. ಇವತ್ತು ನಾನು ಮಾತಾಡಬೇಕೆಂದು ಬಂದಿರುವುದು ಆ ತಾಯಂದಿರ ಜೊತೆ, ಅವರಿಗಿಂತ ಹೆಚ್ಚಾಗಿ ಅವರ ಸುತ್ತ ಇರುವವರ ಜೊತೆ.

ನಾನು ವೈದ್ಯೆಯಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ಹಾಸನದಿಂದ ಅರಸೀಕೆರೆ ಕಡೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವವಳು. ನನ್ನ ಮಗಳಿಗೆ ಈ ತೊಂದರೆ ಇತ್ತು. ಅವಳ ಚಿಕಿತ್ಸೆ ನಡೆಯುತ್ತಿದ್ದಾಗಲೇ ನಾನು ಕೆಲಸಕ್ಕೆ ಮರಳಿದೆ. ಆ ದಿನಗಳಲ್ಲಿ ವೈದ್ಯರಿಂದ, ಫಿಸಿಯೋಥೆರಪಿಸ್ಟರಿಂದ ಕೇಳಿ ತಿಳಿದದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ತಲೆಯ ವಿಷಯ. ಹುಟ್ಟಿದ ಮಗುವಿನ ಬುರುಡೆ ಒಂದೇ ಗಟ್ಟಿ ಎಲುಬಲ್ಲ. ಹಲವು ತೆಳು ಎಲುಬುಗಳು ಪಕ್ಕಪಕ್ಕದಲ್ಲಿ ಕೂತಿರುತ್ತವೆ, ನಡುವೆ ಮೆತ್ತನೆಯ ಸಂದುಗಳಿರುತ್ತವೆ. ಹೆರಿಗೆಯ ದಾರಿಯಲ್ಲಿ ತಲೆ ಹಿಗ್ಗಿ ಕುಗ್ಗಿ ಹೊರಬರಲು ಈ ಸಂದುಗಳು ಬೇಕು, ಆಮೇಲೆ ಒಳಗಿನ ಮಿದುಳು ಬೆಳೆಯಲೂ ಬೇಕು. ನಾವು ನೆತ್ತಿ ಎಂದು ಕರೆಯುವ ಮುಂದಿನ ಮೆತ್ತನೆಯ ಜಾಗ ಕೂಡುವುದಕ್ಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಬೇಕಾಗುತ್ತದೆ. ಹುಟ್ಟಿದಾಗ ತಲೆಯ ಸುತ್ತಳತೆ ಸುಮಾರು 34, 35 ಸೆಂಟಿಮೀಟರು. ಮೊದಲ ಮೂರು ತಿಂಗಳಲ್ಲಿ ಅದು ತಿಂಗಳಿಗೆ ಸುಮಾರು 2 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಮುಂದಿನ ಮೂರು ತಿಂಗಳು ತಿಂಗಳಿಗೆ ಸುಮಾರು 1 ಸೆಂಟಿಮೀಟರು. ಅಲ್ಲಿಂದ ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ ಸೆಂಟಿಮೀಟರು. ಕೂಡಿ ನೋಡಿ, ಮೊದಲ ವರ್ಷದ ಒಟ್ಟು ಬೆಳವಣಿಗೆ ಸುಮಾರು 12 ಸೆಂಟಿಮೀಟರು. ಅದರಲ್ಲಿ ಅರ್ಧ ಮೊದಲ ಮೂರು ತಿಂಗಳಲ್ಲೇ ಆಗಿಹೋಗುತ್ತದೆ, ಮುಕ್ಕಾಲು ಪಾಲು ಆರು ತಿಂಗಳೊಳಗೆ ಮುಗಿಯುತ್ತದೆ. ಈ ಲೆಕ್ಕವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇಷ್ಟು ಬೇಗ ಬೆಳೆಯುತ್ತಿರುವ, ಇಷ್ಟು ಮೆತ್ತಗಿರುವ ತಲೆ ದಿನದ ಬಹುಪಾಲು ಹೊತ್ತು ಒಂದೇ ಮಗ್ಗುಲಿಗೆ ಒರಗಿದ್ದರೆ ಆ ಕಡೆ ಬೆಳವಣಿಗೆಗೆ ಎಡೆ ಸಿಗುವುದಿಲ್ಲ. ಹೊಲದಲ್ಲಿ ಕುಂಬಳಕಾಯಿ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಉಳಿದ ಕಡೆ ದುಂಡಗೆ ಬೆಳೆಯುತ್ತದಲ್ಲ, ಹಾಗೆ. ಕಾಯಿಯೊಳಗಿನ ತಿರುಳಿಗೆ ಏನೂ ಆಗಿರುವುದಿಲ್ಲ. ಮಗುವಿನ ಮಿದುಳಿಗೂ ಇದರಿಂದ ಒತ್ತಡ ಬೀಳುವುದಿಲ್ಲ, ಅದು ಬೇರೆ ಕಡೆಗೆ ಜಾಗ ಮಾಡಿಕೊಂಡು ಬೆಳೆಯುತ್ತದೆ. ಒಂದು ಪಕ್ಕ ಚಪ್ಪಟೆಯಾದರೆ ವೈದ್ಯರು ಅದನ್ನು ಪ್ಲೇಜಿಯೋಸೆಫಲಿ ಎನ್ನುತ್ತಾರೆ, ಹಿಂಭಾಗ ಪೂರ್ತಿ ಚಪ್ಪಟೆಯಾದರೆ ಬ್ರಾಕಿಸೆಫಲಿ ಎನ್ನುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ, ಅವಳಿಗಳಲ್ಲಿ, ಚೊಚ್ಚಲು ಮಕ್ಕಳಲ್ಲಿ ಇದು ಹೆಚ್ಚು.

ಇದೇನು ಅಪರೂಪದ ಕಾಯಿಲೆಯೂ ಅಲ್ಲ. ನ್ಯೂಜಿಲೆಂಡಿನಲ್ಲಿ 200 ಶಿಶುಗಳನ್ನು ಎರಡು ವರ್ಷದವರೆಗೆ ಗಮನಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ನಾಲ್ಕನೆಯ ತಿಂಗಳಲ್ಲಿ ಆ ಮಕ್ಕಳಲ್ಲಿ ಸುಮಾರು ನೂರಕ್ಕೆ 20ರಷ್ಟು ಮಂದಿಗೆ ತಲೆ ಚಪ್ಪಟೆಯಾಗಿತ್ತು. ಎಂಟನೆಯ ತಿಂಗಳಿಗೆ ಅದು 9ಕ್ಕೆ ಇಳಿದಿತ್ತು, ಎರಡು ವರ್ಷ ತುಂಬುವ ಹೊತ್ತಿಗೆ 3ಕ್ಕೆ. ಮಗು ಕತ್ತು ನಿಲ್ಲಿಸಿ, ಬೋರಲು ಬಿದ್ದು, ಕೂತು, ಅಂಬೆಗಾಲಿಡುವಷ್ಟರಲ್ಲಿ ತಲೆಯ ಮೇಲಿನ ಭಾರ ತಾನಾಗಿ ಇಳಿಯುತ್ತದೆ, ಆಕಾರ ಬಹಳಷ್ಟು ಸರಿಹೋಗುತ್ತದೆ. ಈ ಅಂಕಿಗಳನ್ನು ಓದಿದ ರಾತ್ರಿ ನಾನು ಸಮಾಧಾನವಾಗಿ ಮಲಗಿದ್ದೆ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಹಾಗಾದರೆ ಮಗುವನ್ನು ಅಂಗಾತ ಮಲಗಿಸುವುದೇ ತಪ್ಪೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಅಲ್ಲ. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1992ರಲ್ಲಿ ಶಿಶುಗಳನ್ನು ಬೋರಲು ಮಲಗಿಸಬೇಡಿ ಎಂದು ಸಲಹೆ ಕೊಟ್ಟಿತು. 1994ರಲ್ಲಿ ಅಲ್ಲಿ ದೇಶವ್ಯಾಪಿ ಪ್ರಚಾರ ಶುರುವಾಯಿತು. ಮುಂದಿನ ಹತ್ತು ವರ್ಷಗಳೊಳಗೆ, ನಿದ್ದೆಯಲ್ಲೇ ಶಿಶುಗಳು ಹಠಾತ್ತನೆ ತೀರಿಕೊಳ್ಳುವ ಪ್ರಮಾಣ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಚಪ್ಪಟೆ ತಲೆಯ ಮಕ್ಕಳು ವೈದ್ಯರ ಬಳಿಗೆ ಹೆಚ್ಚಾಗಿ ಬರತೊಡಗಿದ್ದೂ ಆಗಲೇ. ಒಂದು ಕಡೆ ಜೀವ, ಇನ್ನೊಂದು ಕಡೆ ಆಕಾರ. ಇವೆರಡರಲ್ಲಿ ಯಾವುದು ದೊಡ್ಡದು ಎಂದು ಯಾವ ತಾಯಿಗೂ ಹೇಳಿಕೊಡಬೇಕಾಗಿಲ್ಲ. ನಿದ್ದೆಗೆ ಮಗು ಅಂಗಾತವೇ ಮಲಗಬೇಕು, ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ, ದಿಂಬಿಲ್ಲದೆ. ತಲೆ ಸರಿಮಾಡುವ ಕೆಲಸವೆಲ್ಲ ಮಗು ಎಚ್ಚರವಿರುವಾಗ ನಡೆಯಬೇಕಾದದ್ದು.

ದಿಂಬಿನ ಮಾತು ಬಂತು. ತಲೆ ದುಂಡಗಾಗಲಿ ಎಂದು ಸಾಸಿವೆ ತುಂಬಿದ ದಿಂಬು ಇಡುವ ರೂಢಿ ನಮ್ಮಲ್ಲಿದೆ. ನಡುವೆ ಗುಳಿ ಇರುವ ದಿಂಬುಗಳು ಈಗ ಅಂಗಡಿಯಲ್ಲೂ ಸಿಗುತ್ತವೆ. ಹಿರಿಯರು ಪ್ರೀತಿಯಿಂದಲೇ ಇದನ್ನು ಮಾಡುತ್ತಾರೆ. ಆದರೆ ತಲೆಯ ಆಕಾರಕ್ಕೆಂದು ಮಾರುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಎಚ್ಚರಿಸಿತು. ಅವುಗಳಿಂದ ಉಸಿರುಗಟ್ಟುವ ಅಪಾಯವಿದೆ, ಪ್ರಯೋಜನಕ್ಕೆ ಆಧಾರವಿಲ್ಲ ಎಂಬುದು ಅದರ ಕಾರಣ. ಎಣ್ಣೆ ಹಚ್ಚುವಾಗ ತಲೆಯನ್ನು ಅಂಗೈಯಲ್ಲಿ ಒತ್ತಿ ತಿದ್ದುವುದೂ ಬೇಡ. ಎಲುಬು ಒತ್ತಿದ್ದಕ್ಕೆ ದುಂಡಗಾಗುವುದಿಲ್ಲ, ಒಳಗಿನ ಮಿದುಳು ಬೆಳೆಯುತ್ತಾ ಹೊರಗಿನ ಭಾರ ತಪ್ಪಿದಾಗ ತಾನಾಗಿ ದುಂಡಗಾಗುತ್ತದೆ.

ನಮ್ಮ ಬಾಣಂತನದ ಪದ್ಧತಿಯಲ್ಲಿ ಇದಕ್ಕೆ ಬೇಕಾದ ಒಂದು ಒಳ್ಳೆಯ ಅಭ್ಯಾಸವೂ ಇದೆ. ನೀರು ಹಾಕುವ ಅಜ್ಜಿ ಕಾಲು ನೀಡಿ ಕೂತು, ಎರಡೂ ಕಾಲುಗಳ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಬೆನ್ನಿಗೆ ಎಣ್ಣೆ ತಿಕ್ಕುತ್ತಾರೆ. ಆ ಹೊತ್ತಿನಲ್ಲಿ ಮಗು ತಲೆ ಎತ್ತಲು ನೋಡುತ್ತದೆ, ಕತ್ತು, ಹೆಗಲು, ಬೆನ್ನು ಬಲಿಯುತ್ತವೆ. ಎಚ್ಚರವಿರುವ ಮಗುವನ್ನು ಹೊಟ್ಟೆಯ ಮೇಲೆ ಹಾಕಿ ಎಂದು ಇವತ್ತು ಫಿಸಿಯೋಥೆರಪಿಸ್ಟರು ಹೇಳುವುದೂ ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಇನ್ನೂ ಓಡಾಡದ ಶಿಶುಗಳು ದಿನಕ್ಕೆ ಕಡಿಮೆಯೆಂದರೆ 30 ನಿಮಿಷ, ಸ್ವಲ್ಪ ಸ್ವಲ್ಪವಾಗಿ, ಎಚ್ಚರದಲ್ಲಿ ಹೊಟ್ಟೆಯ ಮೇಲಿರಬೇಕು. ಪಕ್ಕದಲ್ಲಿ ಯಾರಾದರೂ ಕಣ್ಣಿಟ್ಟು ಕೂತಿರಲೇಬೇಕು. ಬಾಣಂತನ ಮುಗಿದು, ಅಜ್ಜಿ ಬರುವುದು ನಿಂತಮೇಲೆ ಈ ಅಭ್ಯಾಸವೂ ನಿಂತುಹೋಗುತ್ತದೆ. ಅದು ನಿಲ್ಲದ ಹಾಗೆ ನೋಡಿಕೊಳ್ಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಆದರೆ ಮನೆಯಲ್ಲೇ ಏನನ್ನಾದರೂ ಶುರುಮಾಡುವ ಮೊದಲು ಮಗುವನ್ನು ಒಮ್ಮೆ ಮಕ್ಕಳ ತಜ್ಞರಿಗೆ ತೋರಿಸಬೇಕು. ಅವರು ಎರಡು ಸಂಗತಿ ನೋಡುತ್ತಾರೆ.

ಒಂದು, ಬುರುಡೆಯ ಸಂದು ಅವಧಿಗೆ ಮುಂಚೆ ಬೆಸೆದುಕೊಂಡಿದೆಯೇ ಎಂಬುದು. ಇದು ಸುಮಾರು ಎರಡು, ಎರಡೂವರೆ ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವ ತೊಂದರೆ. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮಗುವಿನ ತಲೆಯನ್ನು ಮೇಲಿನಿಂದ ನೋಡಿದರೆ ವ್ಯತ್ಯಾಸದ ಸುಳಿವು ಸಿಗುತ್ತದೆ. ಮಲಗಿ ಚಪ್ಪಟೆಯಾದ ತಲೆಯಲ್ಲಿ ಆ ಕಡೆಯ ಕಿವಿ ಮುಂದಕ್ಕೆ ಸರಿದಿರುತ್ತದೆ, ಅದೇ ಕಡೆಯ ಹಣೆ ತುಸು ಉಬ್ಬಿರುತ್ತದೆ. ಒಟ್ಟು ಆಕಾರ ಸಮಾಂತರ ಚತುರ್ಭುಜದ ಹಾಗೆ ಇರುತ್ತದೆ. ಹಿಂದಿನ ಸಂದು ಬೆಸೆದುಕೊಂಡ ತಲೆಯಲ್ಲಾದರೆ ಆ ಕಡೆಯ ಕಿವಿ ಸಾಮಾನ್ಯವಾಗಿ ಹಿಂದಕ್ಕೆ, ಕೆಳಕ್ಕೆ ಎಳೆದಂತಿರುತ್ತದೆ, ಆಕಾರ ತ್ರಾಪಿಜ್ಯಕ್ಕೆ ಹತ್ತಿರವಾಗುತ್ತದೆ. ಸಂದಿನ ಉದ್ದಕ್ಕೂ ಏಣು ಕೈಗೆ ಸಿಕ್ಕುವುದು, ನೆತ್ತಿ ತೀರ ಬೇಗ ಕೂಡಿಹೋಗುವುದು, ತಲೆಯ ಸುತ್ತಳತೆ ಬೆಳೆಯದೆ ನಿಲ್ಲುವುದು, ಇವು ತಡಮಾಡದೆ ತೋರಿಸಬೇಕಾದ ಲಕ್ಷಣಗಳು. ತೀರ್ಮಾನ ಹೇಳುವುದು ವೈದ್ಯರ ಕೆಲಸ, ನೋಡಿ ಗುರುತಿಸಿ ಕರೆದೊಯ್ಯುವುದು ನಮ್ಮದು.

ಎರಡನೆಯದು ಕತ್ತು. ಕಿವಿಯ ಹಿಂದಿನಿಂದ ಎದೆಯ ಮೇಲಿನ ಎಲುಬಿನವರೆಗೆ ಇಳಿಯುವ ಸ್ನಾಯು ಕೆಲವು ಶಿಶುಗಳಲ್ಲಿ ಒಂದು ಕಡೆ ಬಿಗಿಯಾಗಿರುತ್ತದೆ. ಆಗ ಮಗು ಯಾವಾಗಲೂ ಒಂದೇ ಕಡೆಗೆ ಮುಖ ಮಾಡಿ ಮಲಗುತ್ತದೆ. ನಾವು ಎಷ್ಟು ಸಲ ತಿರುಗಿಸಿ ಮಲಗಿಸಿದರೂ ಮತ್ತೆ ಅಲ್ಲಿಗೇ ಹೊರಳುತ್ತದೆ. ತಲೆ ಚಪ್ಪಟೆಯಾಗುವುದಕ್ಕೆ ಇದು ದೊಡ್ಡ ಕಾರಣ. ಸ್ನಾಯುವನ್ನು ಮೆಲ್ಲಗೆ ಎಳೆದು ಸಡಿಲಿಸುವ ವ್ಯಾಯಾಮದಿಂದ ಬಹುತೇಕ ಮಕ್ಕಳಿಗೆ ಇದು ಗುಣವಾಗುತ್ತದೆ. ಎಷ್ಟು ಬೇಗ ಶುರುಮಾಡುತ್ತೇವೋ ಅಷ್ಟು ಬೇಗ ಮುಗಿಯುತ್ತದೆ. ನನ್ನ ಮಗಳಿಗೆ ಇದ್ದದ್ದು ಇದೇ.

ಉಳಿದ ಚಿಕಿತ್ಸೆ ಕೇಳಲು ಸರಳ. ತೊಟ್ಟಿಲಲ್ಲಿ ಮಗುವಿನ ತಲೆದೆಸೆಯನ್ನು ದಿನ ಬಿಟ್ಟು ದಿನ ಬದಲಿಸುವುದು. ಆಗ ಬಾಗಿಲ ಕಡೆ, ಬೆಳಕಿನ ಕಡೆ ನೋಡಲು ಅದು ಕತ್ತನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಲೇಬೇಕು. ಗಿಲಕಿಯನ್ನು, ನಮ್ಮ ಮುಖವನ್ನು ಅದು ಸಾಮಾನ್ಯವಾಗಿ ನೋಡದ ಕಡೆಗೆ ಇಡುವುದು. ಹಾಲು ಕುಡಿಸುವಾಗ ತೋಳು ಬದಲಿಸುವುದು. ಎಚ್ಚರವಿದ್ದಾಗ ಮಲಗಿಸಿಯೇ ಬಿಡದೆ ಹೆಗಲಿಗೆ ಹಾಕಿಕೊಂಡು, ಎದೆಗೊರಗಿಸಿಕೊಂಡು ತಿರುಗಾಡುವುದು. ಒರಗು ಕುರ್ಚಿಗಳಲ್ಲಿ, ಜೋಳಿಗೆಯಲ್ಲಿ ಗಂಟೆಗಟ್ಟಲೆ ಬಿಡದಿರುವುದು. ಜೊತೆಗೆ ಫಿಸಿಯೋಥೆರಪಿಸ್ಟ್ ಕಲಿಸಿದ ಕತ್ತಿನ ವ್ಯಾಯಾಮ, ದಿನಕ್ಕೆ ಹಲವು ಬಾರಿ.

ಹೆಲ್ಮೆಟ್ಟಿನ ಬಗ್ಗೆಯೂ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಮಗುವಿನ ತಲೆಯ ಅಳತೆ ತೆಗೆದು ಮಾಡಿಸುವ ಹಗುರವಾದ ಟೊಪ್ಪಿಗೆ ಅದು. ಉಬ್ಬಿದ ಕಡೆ ತಡೆಹಿಡಿದು ಚಪ್ಪಟೆಯಾದ ಕಡೆ ಜಾಗ ಬಿಡುತ್ತದೆ. ದಿನಕ್ಕೆ ಸುಮಾರು 23 ಗಂಟೆ ಹಾಕಿರಬೇಕು, ತಲೆ ಬೆಳೆದಂತೆ ಆಗಾಗ ಹೋಗಿ ಸರಿಪಡಿಸಿಕೊಂಡು ಬರಬೇಕು. ನಾಲ್ಕರಿಂದ ಆರನೆಯ ತಿಂಗಳ ನಡುವೆ ಶುರುಮಾಡುವುದು ವಾಡಿಕೆ, ವರ್ಷ ದಾಟಿದ ಮೇಲೆ ಪ್ರಯೋಜನ ಕಡಿಮೆ. ನೆದರ್‌ಲ್ಯಾಂಡ್ಸ್‌ನಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ಚಪ್ಪಟೆ ಇದ್ದ 84 ಶಿಶುಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಹೆಲ್ಮೆಟ್ ಹಾಕಿದ ಮಕ್ಕಳಿಗೂ ಹಾಕದವರಿಗೂ ಎರಡು ವರ್ಷ ತುಂಬಿದಾಗ ಆಕಾರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಪೂರ್ತಿ ಸರಿಹೋದವರು ಒಂದು ಗುಂಪಿನಲ್ಲಿ ನೂರಕ್ಕೆ 26, ಇನ್ನೊಂದರಲ್ಲಿ 23. ಹೆಲ್ಮೆಟ್ ಹಾಕಿದ ಮಕ್ಕಳಿಗೆ ಚರ್ಮ ಕೆಂಪಾಗುವುದು, ಬೆವರು, ಕಿರಿಕಿರಿ ತಪ್ಪಲಿಲ್ಲ. ಆ ಪರೀಕ್ಷೆಯಲ್ಲಿ ಕತ್ತಿನ ಸ್ನಾಯು ಬಿಗಿಯಾಗಿದ್ದ ಮಕ್ಕಳನ್ನು, ತೀರ ತೀವ್ರವಾದ ಚಪ್ಪಟೆ ಇದ್ದವರನ್ನು ಸೇರಿಸಿರಲಿಲ್ಲ. 2016ರಲ್ಲಿ ಅಮೆರಿಕದ ನರಶಸ್ತ್ರಚಿಕಿತ್ಸಕರ ಕಾಂಗ್ರೆಸ್ ಹೊರಡಿಸಿದ ಮಾರ್ಗಸೂಚಿ, ಮಗ್ಗುಲು ಬದಲಿಸುವುದು ಮತ್ತು ಫಿಸಿಯೋಥೆರಪಿಯಿಂದ ಸರಿಹೋಗದ ಮಧ್ಯಮ ಹಾಗೂ ತೀವ್ರ ಮಟ್ಟದ ಚಪ್ಪಟೆಗೆ ಹೆಲ್ಮೆಟ್ ಬಳಸಬಹುದು ಎನ್ನುತ್ತದೆ. ಹಾಗಾಗಿ ನಿಮ್ಮ ವೈದ್ಯರು ಪರೀಕ್ಷಿಸಿ ಬೇಕು ಎಂದರೆ ಅಂಜಬೇಡಿ. ಬೇಡ ಎಂದರೆ, ಹಣ ಇಲ್ಲದ್ದಕ್ಕೆ ಮಗುವಿಗೆ ಅನ್ಯಾಯವಾಯಿತು ಎಂದು ಕೊರಗಬೇಡಿ.

ಈಗ ತಲೆ ಬೆಳೆಯುವ ಮೊದಲಿನ ಲೆಕ್ಕವನ್ನು ಹೆರಿಗೆ ರಜೆಯ ಪಕ್ಕದಲ್ಲಿಟ್ಟು ನೋಡೋಣ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವಳಿಗೆ ಹೆರಿಗೆಯ ನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಮೇಲೆ ಕೆಲವು ದಿನ. ಚಪ್ಪಟೆ ತಲೆ ಅತಿ ಹೆಚ್ಚು ಮಕ್ಕಳಲ್ಲಿ ಕಾಣುವುದು ನಾಲ್ಕನೆಯ ತಿಂಗಳಲ್ಲಿ. ವ್ಯಾಯಾಮ ಹೆಚ್ಚು ಫಲ ಕೊಡುವುದು ಆರು ತಿಂಗಳೊಳಗೆ. ಹೆಲ್ಮೆಟ್ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದದ್ದೂ ನಾಲ್ಕರಿಂದ ಆರನೆಯ ತಿಂಗಳ ನಡುವೆ. ಮಗುವಿನ ತಲೆಗೆ ಅತಿ ಹೆಚ್ಚು ಗಮನ ಬೇಕಾದ ವಾರಗಳೂ ತಾಯಿ ಕೆಲಸಕ್ಕೆ ಮರಳುವ ವಾರಗಳೂ ಒಂದೇ ಆಗಿಬಿಡುತ್ತವೆ. ಎರಡು ಮಕ್ಕಳಿರುವವಳಿಗೆ ಮತ್ತೊಂದಾದರೆ ರಜೆ ಬರೀ 12 ವಾರ. ಯಾವ ಕಾಯ್ದೆಯ ನೆರಳೂ ಬೀಳದ ಮನೆಗೆಲಸದ, ಕೂಲಿ ಕೆಲಸದ ತಾಯಂದಿರು ಅದಕ್ಕೂ ಮೊದಲೇ ಹೊರಟುಬಿಡುತ್ತಾರೆ.

ಆದ್ದರಿಂದ ನನ್ನ ಮೊದಲ ಮಾತು, ರಜೆಯ ಆರಂಭದ ತಿಂಗಳುಗಳಲ್ಲೇ ನೋಡಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಲಸಿಕೆಗೆ ಹೋಗಿಯೇ ಹೋಗುತ್ತೀರಿ, ತಾಯಿ ಕಾರ್ಡು ಕೈಯಲ್ಲಿರುತ್ತದೆ. ಆಗ ಡಾಕ್ಟರನ್ನೋ ನರ್ಸಮ್ಮನನ್ನೋ ಎರಡು ಪ್ರಶ್ನೆ ಕೇಳಿ. ತಲೆಯ ಆಕಾರ ಸರಿಯಿದೆಯೇ, ಕತ್ತು ಎರಡೂ ಕಡೆಗೆ ಸಮನಾಗಿ ತಿರುಗುತ್ತಿದೆಯೇ. ಆಶಾ ಕಾರ್ಯಕರ್ತೆ ಮೊದಲ 42 ದಿನಗಳಲ್ಲಿ ಹಲವು ಸಲ ಮನೆಗೆ ಬರುತ್ತಾರೆ, ಮೂರನೆಯ ತಿಂಗಳಿಗೆ ಮತ್ತೆ ಬರುತ್ತಾರೆ. ಅವರಿಗೂ ತೋರಿಸಿ. ತಲೆ ತೋಯಿಸಿ ಕೂದಲು ಅಂಟಿಕೊಂಡಾಗ ಮೇಲಿನಿಂದ ಒಂದು ಫೋಟೋ ತೆಗೆದಿಡಿ, ತಿಂಗಳಿಗೊಮ್ಮೆ ಹೋಲಿಸಿ ನೋಡಿ. ತಲೆಯ ಎರಡು ಓರೆಗೆರೆಗಳ, ಅಂದರೆ ಕರ್ಣಗಳ, ಉದ್ದ ಅಳೆದು ಅಂತರವನ್ನು ಮಿಲಿಮೀಟರಿನಲ್ಲಿ ಬರೆದಿಡುವ ವಿಧಾನ ವೈದ್ಯರಲ್ಲಿದೆ. ನನ್ನಂಥ ಗಣಿತದವಳಿಗೆ ಆ ಅಂಕಿ ಇಳಿಯುವುದನ್ನು ನೋಡುವುದೇ ದೊಡ್ಡ ಧೈರ್ಯವಾಗಿತ್ತು.

ನನ್ನ ಎರಡನೆಯ ಮಾತೇ ಇವತ್ತಿನ ಮುಖ್ಯ ಮಾತು. ಚಿಕಿತ್ಸೆಯನ್ನು ತಾಯಿಗೆ ಮಾತ್ರ ಹೇಳಿಕೊಟ್ಟರೆ ಸಾಲದು. ಹಗಲು ಮಗುವನ್ನು ಎತ್ತಿಕೊಳ್ಳುವ ಕೈ ಯಾವುದೋ ಆ ಕೈಗೆ ನೇರವಾಗಿ ಕಲಿಸಬೇಕು.

ನಮ್ಮ ಫಿಸಿಯೋಥೆರಪಿಸ್ಟ್ ನನ್ನ ರಜೆ ಎಂದು ಮುಗಿಯುತ್ತದೆ ಎಂದು ಕೇಳಿದರು. ಆಮೇಲೆ ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದರು. ನಮ್ಮ ಅತ್ತೆ ಎಂದೆ. "ಹಾಗಾದ್ರೆ ಮುಂದಿನ ಸಲ ಅವ್ರನ್ನ ಕರ್ಕೊಂಡ್ಬನ್ನಿ, ನೀವು ಹೊರಗೆ ಕೂತ್ಕೊಳಿ" ಎಂದರು. ಅತ್ತೆ ಬಂದರು. ಮೊದಲಿಗೆ ಅವರಿಗೆ ಹೆದರಿಕೆ. ಎಳೆ ಕತ್ತು, ಏನಾದರೂ ಆದರೆ ಎಂದು ಕೈ ಹಿಂದೆಗೆದರು. ಫಿಸಿಯೋಥೆರಪಿಸ್ಟ್ ತಾವು ಹಿಡಿದು ತೋರಿಸಿ, ಅತ್ತೆಯ ಕೈಮೇಲೆ ಕೈಯಿಟ್ಟು ಮಾಡಿಸಿದರು. ಎಲ್ಲಿಯವರೆಗೆ ತಿರುಗಿಸಬೇಕು, ಮಗು ಯಾವ ರೀತಿ ಅತ್ತರೆ ನಿಲ್ಲಿಸಬೇಕು ಎಂಬುದು ಬಾಯಲ್ಲಿ ಹೇಳಿ ಕಲಿಸುವಂಥದ್ದಲ್ಲ. ಮನೆಗೆ ಬಂದಮೇಲೆ ಅತ್ತೆಯೇ ನನಗೆ ತಿದ್ದಿ ಹೇಳತೊಡಗಿದರು. "ನೀನು ಭುಜ ಹಿಡ್ಕೊಳ್ತಿಲ್ಲ ಕಣಮ್ಮ, ಬರೀ ತಲೆ ತಿರುಗಿಸ್ತಿದೀಯ" ಎಂದು. ಅವತ್ತಿನಿಂದ ನನಗೆ ಕಾಲೇಜಿನಲ್ಲಿ ಪಾಠ ಮಾಡುವಾಗ ಮನಸ್ಸು ಮನೆಗೆ ಓಡುವುದು ಕಡಿಮೆಯಾಯಿತು. ಕೆಲಸ ಅವರದ್ದೂ ಆಗಿತ್ತು, ನನ್ನಿಂದ ಎರವಲು ಪಡೆದದ್ದಾಗಿರಲಿಲ್ಲ.

ಯಜಮಾನರು ರಾತ್ರಿಯ ಪಾಲು ತೆಗೆದುಕೊಂಡರು. ಸಂಜೆ ಮನೆಗೆ ಬಂದು ಕೈಕಾಲು ತೊಳೆದವರೇ ಚಾಪೆಯ ಮೇಲೆ ಮಲಗಿ ಎದೆಯ ಮೇಲೆ ಮಗಳನ್ನು ಬೋರಲು ಹಾಕಿಕೊಳ್ಳುತ್ತಿದ್ದರು. ಅಪ್ಪನ ಮುಖ ನೋಡಲು ಅವಳು ತಲೆ ಎತ್ತುತ್ತಿದ್ದಳು. ತೊಟ್ಟಿಲ ತಲೆದೆಸೆ ಬದಲಿಸುವುದೂ ಅವರದೇ. ಆಸ್ಪತ್ರೆಗೆ ಕರೆದೊಯ್ಯುವುದನ್ನು ನಾವಿಬ್ಬರೂ ಸರದಿಯಲ್ಲಿ ಮಾಡಿದೆವು. ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೇ ನನ್ನ ಮೊದಲ ಪಾಠ ಇತ್ತು. ಪ್ರಾಂಶುಪಾಲರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವಾರದಲ್ಲಿ ಒಂದು ದಿನ ನನ್ನ ಬೆಳಗಿನ ಪಾಠವನ್ನು ಸಹೋದ್ಯೋಗಿಯೊಬ್ಬರು ತೆಗೆದುಕೊಂಡರು, ಅವರ ಮಧ್ಯಾಹ್ನದ ಪಾಠ ನಾನು ತೆಗೆದುಕೊಂಡೆ. ವಿದ್ಯಾರ್ಥಿಗಳಿಗೆ ಒಂದು ಪಾಠವೂ ತಪ್ಪಲಿಲ್ಲ. ಕೇಳಿದರೆ ಕೊಡುವವರಿದ್ದಾರೆ. ಆದರೆ ಮಗುವಿನ ತಲೆ ಚಪ್ಪಟೆಯಾಗಿದೆ ಎಂದು ಹೇಳಿಕೊಳ್ಳುವುದಕ್ಕೇ ನಾಚಿಕೆಪಡುವ ತಾಯಂದಿರನ್ನು ಆಸ್ಪತ್ರೆಯ ಬೆಂಚಿನ ಮೇಲೆ ನಾನು ಬಹಳ ಕಂಡೆ.

ಇಲ್ಲಿ ಹಕ್ಕುಗಳ ವಿಷಯವನ್ನೂ ಹೇಳಬೇಕು. 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದು 2017ರ ತಿದ್ದುಪಡಿ ಹೇಳಿತು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂಬುದು ಮೂಲ ಕಾಯ್ದೆಯಲ್ಲೇ ಇದ್ದದ್ದು. ಕೆಲಸದ ಸ್ವರೂಪ ಒಪ್ಪುವುದಾದರೆ ಇಬ್ಬರೂ ಮಾತಾಡಿಕೊಂಡು ಮನೆಯಿಂದ ಕೆಲಸ ಮಾಡಲೂ ಅವಕಾಶವಿದೆ. ಕರ್ನಾಟಕ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ಆರು ತಿಂಗಳ ಶಿಶುಪಾಲನಾ ರಜೆ ಇದೆ. ಅದನ್ನು ಸೇವೆಯ ಅವಧಿಯಲ್ಲಿ ಭಾಗ ಭಾಗವಾಗಿ ಬಳಸಿಕೊಳ್ಳಬಹುದು. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಶುರುವಾಗಿವೆ. ಆದರೆ ಖಾಸಗಿ ಕಂಪನಿಯಲ್ಲಿ ದುಡಿಯುವ ತಂದೆಗೆ ಕಾನೂನು ಒಂದು ದಿನದ ಪಿತೃತ್ವ ರಜೆಯನ್ನೂ ಕೊಟ್ಟಿಲ್ಲ. ಮಗುವಿನ ಚಿಕಿತ್ಸೆಗೆ ತಂದೆಯೂ ಹೋಗಬೇಕು ಎಂದು ನಾವು ಮನೆಯಲ್ಲಿ ಎಷ್ಟೇ ಹೇಳಲಿ, ಕಾನೂನು ಆ ಮಾತನ್ನು ಒಪ್ಪುವವರೆಗೆ ಹೊರೆ ತಾಯಿಯ ಮೇಲೇ ಬೀಳುತ್ತದೆ. ಇದು ಬದಲಾಗಬೇಕು.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ, ಮೈಸೂರು, ಹಾಸನ, ಮಂಡ್ಯ ಕಡೆಯ ಘಟಕಗಳಲ್ಲಿ ಹೊಲಿಯುವ ಸಾವಿರಾರು ತಾಯಂದಿರು ಮಗುವನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಟ್ಟು ಮಿಷನ್ನಿನ ಮುಂದೆ ಕೂರುತ್ತಾರೆ. ಅಂಥ ಕೇಂದ್ರಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಕ್ಕಂದಿರಿಗೆ ನನ್ನದೊಂದು ಬೇಡಿಕೆ. ನಿಮ್ಮ ಕೈಯಲ್ಲಿ ಮಕ್ಕಳು ಹಲವರು, ಕೈಗಳು ಎರಡೇ, ಗೊತ್ತು. ಆದರೂ ಎಚ್ಚರವಿರುವ ಕೂಸನ್ನು ಸುಮ್ಮನಿದೆಯಲ್ಲ ಎಂದು ಅಂಗಾತವೇ ಬಿಡಬೇಡಿ. ಒಂದಿಷ್ಟು ಹೊತ್ತು ಚಾಪೆಯ ಮೇಲೆ ಬೋರಲು ಹಾಕಿ ಮುಂದೆ ನೀವು ಕೂತುಕೊಳ್ಳಿ. ಕೂಸನ್ನು ನಿಮ್ಮ ಕೈಗೆ ಕೊಡುವಾಗ ತಾಯಿ ಒಂದು ಚೀಟಿ ಕೊಟ್ಟು, ಈ ಕಡೆಗೆ ಮುಖ ಮಾಡಿಸಿ ಎಂದರೆ, ಅದನ್ನು ನಿಮ್ಮ ಮೇಲಿನ ಅಪನಂಬಿಕೆ ಎಂದು ತಿಳಿಯಬೇಡಿ, ಅದು ವೈದ್ಯರ ಸಲಹೆ.

ಇನ್ನು ತಾಯಂದಿರಿಗೆ. "ಕೆಲಸಕ್ಕೆ ಹೋಗಿ ಮಗು ಹಾಳಾಯ್ತು" ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಬೇಡಿ. ತಲೆ ಚಪ್ಪಟೆಯಾಗುವುದು ಹೆಚ್ಚಾಗಿ ಮೊದಲ ನಾಲ್ಕು ತಿಂಗಳಲ್ಲಿ, ನೀವು ಮನೆಯಲ್ಲೇ ಇದ್ದಾಗ. ಕಾರಣ ಬಿಗಿಯಾದ ಕತ್ತು, ಗರ್ಭದಲ್ಲಿ ಮಗು ಕೂತಿದ್ದ ಬಗೆ, ಹುಟ್ಟಿದ ಮೇಲೆ ಒಂದೇ ಕಡೆಗೆ ತಿರುಗುವ ಅದರ ಒಲವು. ನಿಮ್ಮ ಕೆಲಸ ಇದಕ್ಕೆ ಕಾರಣವಲ್ಲ. ನೀವು ದುಡಿಯುವ ಸಂಬಳದಿಂದಲೇ ಮಗುವಿನ ಹಾಲು, ಔಷಧಿ, ಆಸ್ಪತ್ರೆಯ ಬಸ್ ಚಾರ್ಜು ನಡೆಯುತ್ತಿರುವ ಮನೆಗಳು ಎಷ್ಟೋ ಇವೆ. ಮಗುವಿಗೆ ಚಿಕಿತ್ಸೆ ಬೇಕು, ತಾಯಿಗೆ ಕೆಲಸ ಬೇಕು. ಇವೆರಡೂ ನ್ಯಾಯವಾದ ಬೇಡಿಕೆಗಳು, ಒಂದಕ್ಕಾಗಿ ಇನ್ನೊಂದನ್ನು ಬಿಡು ಎಂದು ಅವಳಿಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ.

ನನ್ನ ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಕತ್ತು ಎರಡೂ ಕಡೆಗೆ ಸಲೀಸಾಗಿ ತಿರುಗುತ್ತದೆ. ತಲೆಯ ಬಲಗಡೆ ತುಸು ಚಪ್ಪಟೆ ಉಳಿದಿದೆ, ಜುಟ್ಟು ಕಟ್ಟಿದರೆ ಯಾರಿಗೂ ಕಾಣುವುದಿಲ್ಲ. ಹೆಲ್ಮೆಟ್ ಬೇಕಾಗಲಿಲ್ಲ. ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆಂದು ನಾನು ಹೇಳಲಾರೆ. ಬೇಗ ನೋಡಿದ್ದು, ಹಲವು ಕೈಗಳು ಸೇರಿದ್ದು ಅವಳಿಗೆ ನೆರವಾಯಿತು ಎಂದಷ್ಟೇ ಹೇಳಬಲ್ಲೆ.

ಕೇಳುಗ ಬಂಧುಗಳೇ, ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ನಾಲ್ಕು ತಿಂಗಳೊಳಗಿನ ಕೂಸಿದ್ದರೆ ಇವತ್ತೇ ಅದರ ತಲೆಯನ್ನು ಮೇಲಿನಿಂದ ಒಮ್ಮೆ ನೋಡಿ, ಕತ್ತು ಎರಡೂ ಕಡೆಗೆ ತಿರುಗುತ್ತದೆಯೇ ಎಂದು ಗಮನಿಸಿ. ಅನುಮಾನ ಬಂದರೆ ಮುಂದಿನ ಲಸಿಕೆಯವರೆಗೂ ಕಾಯದೆ ವೈದ್ಯರಿಗೆ ತೋರಿಸಿ. ಆ ಮಗುವಿನ ತಾಯಿ ಕೆಲಸಕ್ಕೆ ಹೊರಡುವವಳಾದರೆ, ಹಗಲು ಮಗುವನ್ನು ನೋಡಿಕೊಳ್ಳುವವರು ನೀವಾದರೆ, ಅವಳ ಜೊತೆ ನೀವೂ ಆಸ್ಪತ್ರೆಗೆ ಹೋಗಿ, ವ್ಯಾಯಾಮವನ್ನು ನಿಮ್ಮ ಕೈಯಿಂದಲೇ ಕಲಿತುಕೊಂಡು ಬನ್ನಿ.